ತಾಂಡೇಲರ ಪಟ್ಟೆ ಮೀನು

ಬಾಬಣ್ಣ ನಮ್ಮ ಮನೆಯ ಮೀನಿನ ತೊಟ್ಟಿಯ ಹತ್ತಿರ ಹೋಗುತ್ತಲೇ ಇರಲಿಲ್ಲ. ಬಾಗಿಲಲ್ಲೇ ನಿಂತು, ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಎರಡಡಿಯ ಗಾಜಿನ ಪೆಟ್ಟಿಗೆ ಅದು. ಒಳಗೆ ಬೆರಳುದ್ದವೂ ಇಲ್ಲದ ನೀಲಿ ಪಟ್ಟೆಯ ಮೀನುಗಳು. ಬಿಸಿಲಿಲ್ಲ, ಅಲೆಯಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಆದರೂ ಆ ಕೈ ಕೆಳಗಿಳಿಯದು. ಹತ್ತಿರ ಬನ್ನಿ ಎಂದರೆ, "ಹತ್ರ ಹೋರೆ ಒಂದೊಂದೇ ಮೀನ್ ಕಾಣತ್ತ್ ಭಟ್ರೆ, ಗುಂಪ್ ಕಾಂಬುದಿಲ್ಲೆ" ಎನ್ನುತ್ತಿದ್ದರು.

ಅವರು ಗಂಗೊಳ್ಳಿಯ ದೋಣಿಗಳಲ್ಲಿ ತಾಂಡೇಲರಾಗಿದ್ದವರು. ನೀರಿನ ಬಣ್ಣ ನೋಡಿ ಎಲ್ಲಿ ಬಲೆ ಬಿಡಬೇಕೆಂದು ಹೇಳುವವನು ತಾಂಡೇಲ. ಅವನ ಮಾತೇ ದೋಣಿಯಲ್ಲಿ ಕಾನೂನು. ಎದೆಯ ಆಪರೇಶನ್ ಆದ ಮೇಲೆ ಡಾಕ್ಟರು ಕಡಲಿಗೆ ಹೋಗಕೂಡದೆಂದರು. ಮಗಳು ಶಕುಂತಲೆ ತಲ್ಲೂರಿನ ತನ್ನ ಮನೆಗೆ ಕರೆತಂದಳು. ಆ ಮನೆಯ ಪಕ್ಕದಲ್ಲೇ ನನ್ನ ಜೀನಸಿನ ಅಂಗಡಿ, ಹಿಂದೆ ನಮ್ಮ ಮನೆ. ಮಾಡಲು ಕೆಲಸವಿಲ್ಲದ ತಾಂಡೇಲರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಹೆದ್ದಾರಿಯ ಲಾರಿಗಳಿಗೆ ಬೈಯುತ್ತ ಹೊತ್ತು ಕಳೆಯುತ್ತಿದ್ದರು. ಗಿರಾಕಿಗಳಿಗೂ ಆಗಾಗ ಪ್ರಸಾದ ಸಿಗುತ್ತಿತ್ತು.

ಅಂಥವರು ಒಂದು ದಿನ ಅಂಗಡಿ ತುಂಬ ಜನವಿದ್ದಾಗ ಕೂಗಿ ಕೇಳಿದರು: "ಹ್ವಾಯ್ ಭಟ್ರೆ, ನಿಮ್ಮನಿಗೆ ಮೀನ್ ಬಂದಿತ್ತಂಬ್ರಲೆ, ಹೌದಾ?"

ನಮ್ಮದು ಈರುಳ್ಳಿಯೂ ಹಿಂಬಾಗಿಲಿನಿಂದ ಬಂದ ಮನೆ. ಜನ ಕಿವಿ ನೆಟ್ಟಗೆ ಮಾಡಿದರು. ಇನ್ನು ಮಾನ ಉಳಿಯಬೇಕಾದರೆ ತೋರಿಸಿಯೇ ಬಿಡಬೇಕೆಂದು ಕೈಹಿಡಿದು ಒಳಗೆ ಕರೆದೊಯ್ದೆ. ತೊಟ್ಟಿ ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೆಂತ ಮಾರಾಯ್ರೆ! ಹುರುಕೂ ಆತಿಲ್ಲೆ, ಸಾರಿಗೂ ಆತಿಲ್ಲೆ. ಮತ್ತೆಂತಕ್ಕೆ?"

"ಕಾಂಬುಕೆ" ಎಂದೆ.

"ಕಾಂಬುಕಾ!" ಎಂದು ಮತ್ತೆ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಮೀನುಗಳು ಒಂದು ಮೂಲೆಯಿಂದ ಹೊರಟು ಎಲ್ಲವೂ ಒಟ್ಟಿಗೇ ತಿರುಗಿದವು. ಬಾಬಣ್ಣನ ನಗು ನಿಂತಿತು. ಕೈ ಹುಬ್ಬಿಗೆ ಹೋಯಿತು. "ಕಂಡ್ರ್ಯಾ, ತಿರ್ಗತ್ತ್! ಬಂಗ್ಡಿ ಗುಂಪ್ ಹಂಗೇ ತಿರ್ಗತ್ತ್!" ಮರುದಿನ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವರು ಮನೆಯ ಬಾಗಿಲಲ್ಲಿದ್ದರು. ನನ್ನ ಹೆಂಡತಿ ಸುಮತಿ ಚಾ ಕೊಟ್ಟು ಕೊಟ್ಟು ಸೋತು, "ಅವ್ರಿಗೂ ಒಂದ್ ತೊಟ್ಟಿ ತೆಗ್ಸಿ ಕೊಡಿ, ಪುಣ್ಯ ಬತ್ತ್" ಎಂದಳು.

ತೊಟ್ಟಿ, ಮೀನು ಕೊಳ್ಳಲು ಕುಂದಾಪುರದ ಬಣ್ಣದ ಮೀನಿನ ಅಂಗಡಿಗೆ ಇಬ್ಬರೂ ಹೋದೆವು. ಅಲ್ಲಿ ಅವರು ನನ್ನ ಮರ್ಯಾದೆ ತೆಗೆದರು. ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಬಿಡಿಸಿ ಕೆಂಪಿದೆಯೇ ಎಂದು ನೋಡಿ ಕೊಳ್ಳುವುದು ಅಭ್ಯಾಸ. ಇಲ್ಲೂ, "ಕಿವಿರ್ ಒಂಚೂರ್ ಬಿಡ್ಸಿ ತೋರ್ಸಿ" ಎಂದರು. ಅಂಗಡಿಯವನು, "ಅಜ್ಜಯ್ಯ, ಅದ್ ಜೀವ ಇಪ್ಪ ಮೀನ್!" ಎಂದ. "ಹೌದಲೆ" ಎಂದು ತಾವೇ ನಕ್ಕುಬಿಟ್ಟರು.

ಬಸ್ಸಿನಲ್ಲಿ ಬರುವಾಗ ಮೀನಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. ಸೇತುವೆ ದಾಟುವಾಗ ಮೆಲ್ಲಗೆ ಹೇಳಿದರು: "ಭಟ್ರೆ, ಜೀವಮಾನ ಇಡೀ ತೆಗ್ದದ್ದೇ ನಾನ್. ದೋಣಿ ತುಂಬ ತೆಗ್ದೆ. ಒಂದ್ ನಾಕ್ ಉಳ್ಸುಕೆ ಬತ್ತಾ ಕಾಂಬ." ಅವರು ಮೆಲ್ಲಗೆ ಮಾತಾಡಿದ್ದನ್ನು ಅದಕ್ಕಿಂತ ಮೊದಲು ನಾನು ಕೇಳಿರಲಿಲ್ಲ.

ಉಳಿಸುವ ಉತ್ಸಾಹದಲ್ಲೇ ಎಡವಟ್ಟಾಯಿತು. ಬಾವಿಯ ನೀರಿನಲ್ಲಿ ಸತ್ವವಿಲ್ಲವೆಂದು ಅವರಿಗೆ ತೋರಿತು. ಯಾರಿಗೂ ಹೇಳದೆ ಗಂಗೊಳ್ಳಿಗೆ ಹೋಗಿ, ಅಳಿವೆಯಾಚೆ ಹೋಗುವ ಗೆಳೆಯನ ದೋಣಿಯಲ್ಲಿ ಶುದ್ಧ ಕಡಲ ನೀರು ತರಿಸಿ, ಕ್ಯಾನು ಹೊತ್ತು ತಂದು ತಮ್ಮ ಹೊಸ ತೊಟ್ಟಿಗೆ ಸುರಿದರು. ಮಧ್ಯಾಹ್ನದೊಳಗೆ ಅರ್ಧಕ್ಕರ್ಧ ಮೀನು ಹೊಟ್ಟೆ ಮೇಲಾಗಿ ತೇಲಿದವು. ಓಡಿಹೋಗಿ ಉಳಿದವನ್ನು ಬೇರೆ ನೀರಿಗೆ ಹಾಕಿ, "ಇದ್ ಸಿಹಿನೀರಿನ ಹೊಳಿ ಮೀನ್ ಬಾಬಣ್ಣ" ಎಂದೆ.

"ಹೊಳಿ ಮೀನಾ?" ಅವರ ಮುಖ ಬಿಳಿಚಿತು. "ಇಷ್ಟ್ ಬಣ್ಣ ಕಡಲ್ ಮೀನಿಗಲ್ದೆ ಎಲ್ಲಿತ್ತ್ ಅಂದ್ಕಂಡೆ."

ಆಮೇಲೆ ಅಂಗಡಿಯ ಬೆಂಚು ಖಾಲಿ. ಲಾರಿಗಳು ಬೈಗುಳವಿಲ್ಲದೆ ಓಡಾಡಿದವು. ಶಕುಂತಲೆ ಬಂದು, "ಉಳ್ದ ಮೀನ್ ಭಟ್ರಿಗೆ ಕೊಡ್, ನನ್ ಕೈಗುಣ ತೆಗುಕೇ ಸೈ ಅಂದೇಳಿ ಅಪ್ಪಯ್ಯ ಕೂತಿರ್" ಎಂದಳು. ನನಗೆ ಸಂಕಟವಾಯಿತು, ಸ್ವಲ್ಪ ಸಿಟ್ಟೂ ಬಂತು. ನನ್ನ ತೊಟ್ಟಿಯ ಅರ್ಧ ಮೀನನ್ನು ಬಕೆಟ್ಟಿಗೆ ಹಾಕಿಕೊಂಡು ಹೋಗಿ ಅವರ ತೊಟ್ಟಿಗೇ ಬಿಟ್ಟೆ. "ಇವ್ಕೆ ಗುಂಪಿಲ್ದಿರೆ ಧೈರ್ಯ ಇಲ್ಲೆ. ಈಗ ಗುಂಪಾಯ್ತ್. ಇನ್ ಕಾಂಬುದ್ ನಿಮ್ ಕೆಲ್ಸ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಬಂದೆ. ಸಂಜೆ ಕಿಟಕಿಯಲ್ಲಿ ಇಣುಕಿದರೆ ಬಾಬಣ್ಣ ದೂರದ ಗೋಡೆಗೆ ಒರಗಿ, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನಿಂತಿದ್ದರು.

ಮಳೆಗಾಲ ಬಂತು. ಮೀನು ಮೊಟ್ಟೆಯಿಡುವ ಕಾಲವೆಂದು ಎರಡು ತಿಂಗಳು ನಮ್ಮ ಕಡೆ ದೋಣಿಗಳು ಕಡಲಿಗಿಳಿಯುವುದಿಲ್ಲ. ಬಾಬಣ್ಣ ಆ ಕಾನೂನನ್ನು ತೊಟ್ಟಿಗೂ ತಂದರು. ಮೀನು ಹಿಡಿಯುವ ಅಂಗೈಯಗಲದ ಬಲೆಯನ್ನು ತೊಳೆದು, ಒಣಗಿಸಿ, ಕುಂಕುಮವಿಟ್ಟು ಮೊಳೆಗೆ ತೂಗುಹಾಕಿದರು. ಬಲೆಯಷ್ಟೇ ಅಲ್ಲ, ಕೈಯೂ ನೀರಿಗಿಳಿಯಬಾರದು. ನೀರು ಬದಲಿಸುವಂತಿಲ್ಲ, ಪಾಚಿ ತೆಗೆಯುವಂತಿಲ್ಲ. ಗಾಜೆಲ್ಲ ಹಸಿರುಗಟ್ಟಿ, ಒಳಗಿನ ಗಿಡ ಜಡೆಯಾಗಿ, ತೊಟ್ಟಿ ದೇವಸ್ಥಾನದ ಹಳೆ ಕೆರೆಯಂತಾಯಿತು. ಹೀಗೆ ಬಿಟ್ಟರೆ ಇದ್ದದ್ದೂ ಸಾಯುತ್ತದೆಂದು ನಾನು ದಿನಾ ಹೇಳಿದೆ. "ಮಳಿಗಾಲದಗೆ ಬಲೆ ಹಾಕುದಿಲ್ಲೆ ಭಟ್ರೆ. ತಾಂಡೇಲ ನೀವಾ, ನಾನಾ?" ಎಂದರು.

ಒಂದು ಬೆಳಿಗ್ಗೆ ತೊಗರಿಬೇಳೆ ತೂಗುತ್ತಿದ್ದೆ. "ಭಟ್ರೆ! ಓಡಿ ಬನ್ನಿ!" ಎಂಬ ಕೂಗು ಕೇಳಿತು. ಎದೆನೋವೇ ಬಂತೆಂದು ತಕ್ಕಡಿ ಬಿಟ್ಟು ಓಡಿದೆ. ಬಾಬಣ್ಣ ಮೊದಲ ಬಾರಿಗೆ ತೊಟ್ಟಿಯ ಗಾಜಿಗೆ ಮೂಗು ತಾಗಿಸಿ ಕೂತಿದ್ದರು. ಆ ಪಾಚಿಯ ನಡುವೆ ರೆಪ್ಪೆಕೂದಲಿನಷ್ಟೇ ಇರುವ ಮರಿಗಳು ಮಿಸುಕುತ್ತಿದ್ದವು. ಈ ಜಾತಿಯವು ತಮ್ಮ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ಪ್ರತಿ ವಾರ ಉಜ್ಜಿ ಉಜ್ಜಿ ತೊಳೆಯುತ್ತಿದ್ದ ನನ್ನ ತೊಟ್ಟಿಯಲ್ಲಿ ಒಂದೂ ಮರಿ ಉಳಿದದ್ದಿಲ್ಲ. ಇಲ್ಲಿ ದಟ್ಟ ಪಾಚಿ ಅವನ್ನು ಬಚ್ಚಿಟ್ಟಿತ್ತು. ಬಾಬಣ್ಣನ ಕಣ್ಣು ತುಂಬಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಎಂತ ಭಟ್ರೆ, ಪಾಚಿ ತೆಗುವನಾ?"

ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಪೂಜೆ ಮಾಡುವುದುಂಟು. ಅಂದು ಅವರು ಲೋಟದಲ್ಲಿ ಹಾಲು ಹಿಡಿದು ತೊಟ್ಟಿಯ ಮುಂದೆ ನಿಂತದ್ದನ್ನು ನೋಡಿ ನನ್ನ ಜೀವ ಹಾರಿತು. ಅವರು ನನ್ನನ್ನೊಮ್ಮೆ, ಮರಿಗಳನ್ನೊಮ್ಮೆ ನೋಡಿ, "ಬೇಡ, ಒಂದ್ ಸಲ ಬುದ್ಧಿ ಬಂದಿತ್ತ್" ಎಂದು ಹಾಲನ್ನು ತಾವೇ ಕುಡಿದರು.

ಕೆಲವು ದಿನಗಳ ಮೇಲೆ ಕಿರಿಯ ಮಗಳ ಮನೆಗೆಂದು ಬಿಜೂರಿಗೆ ಹೊರಟರು. ಬಸ್‌ಸ್ಟಾಪಿನವರೆಗೆ ಹೋದೆ. "ಮರಿ ಎಷ್ಟಿತ್ತ್ ಹೇಳಿ ಹೋಯ್ನಿ, ಕಡ್ಮಿ ಆಯ್ತ್ ಅಂದೇಳಿ ಮತ್ತೆ ನನ್ ಮೇಲೆ ಬಪ್ಪುದ್ ಬೇಡ" ಎಂದು ಕೆಣಕಿದೆ. ಬಸ್ಸಿನ ಮೆಟ್ಟಿಲ ಮೇಲಿಂದ ತಿರುಗಿ ನಕ್ಕರು. "ಲೆಕ್ಕ ಹಾಕ್ಲಿಲ್ಲೆ ಭಟ್ರೆ. ಲೆಕ್ಕ ಹಾಕುದ್ ಮಾರುಕೆ ಅಲ್ದಾ?"

ಬಿಜೂರಿನಲ್ಲಿ ಒಂದು ಬೆಳಿಗ್ಗೆ ಚಾ ಕುಡಿದು ಕೂತವರು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನಾನು ಅವರ ಮೀನಿಗೆ ತಿಂಡಿ ಹಾಕಿ ಬಂದು ಕೈ ತೊಳೆಯುತ್ತಿದ್ದೆ.

ಹೆಣವನ್ನು ತಲ್ಲೂರಿಗೆ ತಂದರು. ಗಂಗೊಳ್ಳಿಯಿಂದ ಅವರ ದೋಣಿಯವರೆಲ್ಲ ಬಂದಿದ್ದರು. ಅವರಲ್ಲೊಬ್ಬರು, ತಾಂಡೇಲರೊಡನೆ ಬಲೆ ಎಳೆದೆಳೆದು ಕೈ ಒರಟಾದ ಹಿರಿಯರು, ಒಳಕೋಣೆಯ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಶಕುಂತಲೆಯನ್ನು ಕೇಳಿದರು: "ತಾಂಡೇಲ್ರ್ ಕಡೀಗೆ ಹಿಡ್ದದ್ ಇದನ್ನಾ, ಹೆಣ್ಣೆ?"

ಬೆಳಗಿನಿಂದ ಕಣ್ಣಲ್ಲಿ ನೀರಿಲ್ಲದೆ, ಬಂದವರನ್ನು ವಿಚಾರಿಸುತ್ತ ಓಡಾಡುತ್ತಿದ್ದವಳು ಅಲ್ಲೇ ನಿಂತಳು. "ಹಿಡಿಲಿಲ್ಲೆ ಮಾವ" ಎಂದಳು. "ಅಪ್ಪಯ್ಯ ಇವನ್ನ ಉಳ್ಸಿರ್." ಅಷ್ಟು ಹೇಳಿ ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ.