ಅಜ್ಜಯ್ಯ ಒಡೆದ ಜಾಗ

ಅಜ್ಜಯ್ಯನ ಎರಡೂ ಅಂಗೈಗಳ ತುಂಬ ಬಿಳಿ ಗೆರೆಗಳಿದ್ದವು. ಹಗ್ಗ ಎಳೆದು ಆದ ಗೆರೆಗಳು ಒಂದೇ ದಿಕ್ಕಿನಲ್ಲಿರುತ್ತವೆ. ಇವು ಹಾಗಿರಲಿಲ್ಲ, ಯಾರೋ ಸೂಜಿಯಿಂದ ಅಡ್ಡಾದಿಡ್ಡಿ ಗೀರಿದಂತೆ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಹರಡಿದ್ದವು. ಮೊದಲ ದಿನ ನನ್ನನ್ನು ದೋಣಿಗೆ ಹತ್ತಿಸಿಕೊಳ್ಳಲು ಕೈ ಚಾಚಿದಾಗಲೇ ಅವನ್ನು ಕಂಡೆ. ಕೇಳುವ ಧೈರ್ಯ ಬರಲಿಲ್ಲ.

ನಾನು ಕೋಟದವಳು. ಪ್ರಾಣಿಶಾಸ್ತ್ರ ಓದಿ, ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತು, ಕಡಲಡಿಯ ಹವಳವನ್ನು ವರ್ಷಕ್ಕೆರಡು ಸಲ ಅಳೆದು ಬರೆದಿಡುವ ಕೆಲಸಕ್ಕೆ ಸೇರಿದ್ದೆ. ಮರವಂತೆಯಿಂದ ಪಶ್ಚಿಮಕ್ಕೆ, ದೋಣಿಯಲ್ಲಿ ಗಂಟೆಗಿಂತ ಹೆಚ್ಚಿನ ದಾರಿಯಲ್ಲಿ, ನೀರಿನಡಿ ಒಂದು ಬಂಡೆಸಾಲಿದೆ. ಅದರ ಮೇಲೆ ಹವಳ ಬೆಳೆದಿರುವುದು ಊರಿನಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿಗೆ ಕರೆದೊಯ್ಯುವವರು ಯಾರೆಂದು ವಿಚಾರಿಸಿದಾಗ ದಡದಲ್ಲಿದ್ದವರೆಲ್ಲ ಇವರ ಮನೆಯನ್ನೇ ತೋರಿಸಿದರು. ವಯಸ್ಸು ಎಪ್ಪತ್ತರ ಹತ್ತಿರ. ಪಚ್ಚಿಲೆಯೆಂಬ ಚಿಪ್ಪು ಕೀಳಲು ಎಳೆತನದಿಂದ ಉಸಿರು ಕಟ್ಟಿ ಮುಳುಗಿ ಮುಳುಗಿ ಎಡಗಿವಿ ಪೂರ್ತಿ ಹೋಗಿತ್ತು. ಇನ್ನು ಮುಳುಗಿದರೆ ಬಲಗಿವಿಯೂ ಹೋಗುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ನಾನು ಅವರನ್ನು ಅಜ್ಜಯ್ಯ ಎಂದೆ. ಅವರು ಎರಡು ದಿನ ನನ್ನನ್ನು ‘ಮೇಡಂ’ ಎಂದರು. ಮೂರನೆಯ ದಿನ ದೋಣಿಯಲ್ಲಿ ವಾಂತಿ ಮಾಡಿಕೊಂಡ ಮೇಲೆ ನಾನು ‘ಹೆಣೆ’ ಆದೆ, ಮನೆಯ ಹುಡುಗಿಯನ್ನು ಕರೆಯುವ ಹಾಗೆ.

ಹವಳಕ್ಕೆ ಅವರದು ಬೇರೆಯೇ ಹೆಸರು, ಹೂಗಲ್ಲು. ಬಂಡೆಸಾಲಿನ ಮೇಲೆ ಎಂದೂ ಲಂಗರು ಬಿಡುತ್ತಿರಲಿಲ್ಲ. ನಾನು ಕೆಳಗೆ ಟೇಪು ಹಾಸಿ, ಚೌಕಟ್ಟು ಇಟ್ಟು, ಫೋಟೊ ತೆಗೆದು ಬರುವಷ್ಟು ಹೊತ್ತೂ ಹುಟ್ಟು ಹಾಕುತ್ತಲೇ ದೋಣಿಯನ್ನು ಅಲ್ಲೇ ನಿಲ್ಲಿಸಿಕೊಂಡಿರುತ್ತಿದ್ದರು. “ಅದ್ರ ತಲಿ ಮೇಲ್ ಕಬ್ಣ ಹಾಕುಕ್ ಆಗ” ಎನ್ನುತ್ತಿದ್ದರು.

ನಾನು ನೀರಿಗಿಳಿಯುವ ಮುಂಚೆ ಅವರದೊಂದು ಪರೀಕ್ಷೆಯಿತ್ತು. ಹುಟ್ಟಿನ ಅಗಲ ತುದಿಯನ್ನು ನೀರಿಗಿಳಿಸಿ ಹಿಡಿಕೆಯ ತುದಿಗೆ ಬಲಗಿವಿ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ನನ್ನನ್ನೂ ಕರೆದರು.

“ಕೇಣ್ ಹೆಣೆ. ಒಗ್ಗರಣಿ ಸಿಡ್ದಂಗೆ ಇತ್ತ್ ಅಲ್ದಾ?”

ನಿಜಕ್ಕೂ ಹಾಗೇ ಇತ್ತು. ಹವಳದ ಸಂದಿಗಳಲ್ಲಿರುವ ಪುಟ್ಟ ಸೀಗಡಿಗಳು ಕೊಂಡಿ ಸಿಡಿಸುವ ಸದ್ದು ಅದು. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಮರದ ತುಂಡಿನಲ್ಲಿ ಕೇಳುತ್ತಿದ್ದರು.

ಪ್ರತಿ ಸಲ ನಾನು ಮೇಲೆ ಬಂದೊಡನೆ ಅವರದು ಒಂದೇ ಪ್ರಶ್ನೆ: “ತೆಂಕ್ ಬದಿಯಂಗೆ ಎಂತಾರೂ ಬಂದಿತ್ತಾ?” ದಕ್ಷಿಣದ ಅಂಚಿನಲ್ಲಿ ಮನೆಯಂಗಳದಷ್ಟು ಅಗಲದ ಒಂದು ಬೋಳು ಜಾಗವಿತ್ತು. ಹವಳದ ಚೂರುಗಳಲ್ಲದೆ ಅಲ್ಲಿ ಬೇರೇನೂ ಇರಲಿಲ್ಲ. ಅದು ನಮ್ಮ ಅಳತೆಯ ಗೆರೆಯೊಳಗೆ ಬರುತ್ತಿರಲಿಲ್ಲ. ಆದರೂ ಅವರಿಗಾಗಿ ಈಜಿ ಹೋಗಿ ನೋಡಿ ಬಂದು, ಏನೂ ಬಂದಿಲ್ಲವೆಂದು “ಇಲ್ಲೆ ಅಜ್ಜಯ್ಯ” ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಎಂಜಿನ್ ಹಗ್ಗ ಎಳೆಯುತ್ತಿದ್ದರು.

ಎರಡನೆಯ ವರ್ಷ ಅವರಾಗಿಯೇ ಹೇಳಿದರು. ಮೀಸೆ ಮೂಡುವ ವಯಸ್ಸಿನಲ್ಲಿ ಅವರ ಹತ್ತಿರ ಪರವೂರಿನ ವ್ಯಾಪಾರಿಯೊಬ್ಬ ಬಂದಿದ್ದನಂತೆ. ಕೊಂಬೆಕೊಂಬೆಯಾಗಿ ಬೆಳೆದ ಹೂಗಲ್ಲು ಅವನಿಗೆ ಬೇಕಿತ್ತು, ಮುಂಬಯಿಯ ದೊಡ್ಡ ಮನೆಗಳ ಶೋಕೇಸಿಗೆ. ಆಗ ತಡೆಯುವವರೂ ಇರಲಿಲ್ಲ, ತಪ್ಪೆನ್ನುವವರೂ ಇರಲಿಲ್ಲ. ಎರಡು ಬೇಸಿಗೆ ಹಾರೆ ಹಿಡಿದು ಮುಳುಗಿದರು. ಒಡೆದದ್ದನ್ನು ಬುಟ್ಟಿಗೆ ತುಂಬಿ ತಂದು ಮರಳಿನ ಮೇಲೆ ಬಿಸಿಲಿಗೆ ಹರಡುತ್ತಿದ್ದರು. ಬಣ್ಣವೆಲ್ಲ ಹೋಗಿ ಬೆಳ್ಳಗಾದ ಮೇಲೆ ವ್ಯಾಪಾರಿ ಒಯ್ಯುತ್ತಿದ್ದ. ಅಂಗೈಯ ಗೆರೆಗಳು ಆಗಿನವು.

“ಅದಕ್ ಜೀವ ಇತ್ತ್ ಅಂದೇಳಿ ನಂಗ್ ಗೊತ್ತಿರ್ಲಿಲ್ಲ ಹೆಣೆ” ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ, “ಒಣಗುಕ್ ಇಟ್ರೆ ನಾತ ಬತ್ತಿತ್ತ್. ಸತ್ತದ್ದೇ ಅಲ್ದಾ ನಾರುದು? ಅಷ್ಟೂ ಯೋಚ್ನಿ ಮಾಡ್ಲಿಲ್ಲ” ಎಂದರು.

ಒಡೆದ ಚೂರುಗಳು ಅಲೆಗೆ ಉರುಳುತ್ತಲೇ ಇರುವುದರಿಂದ ಅಲ್ಲಿ ಹೊಸ ಮರಿಹವಳ ಅಂಟಿ ನಿಲ್ಲುವುದು ಕಷ್ಟ. ಇದನ್ನು ನಾನು ಅವರಿಗೆ ವಿವರಿಸಿದ್ದೆ. ಅವರು ಕೇಳಿಸಿಕೊಂಡರು. ಮುಂದಿನ ಸಲವೂ ಅದೇ ಪ್ರಶ್ನೆ.

ಆಮೇಲೆ ಕಡಲು ಕಾದ ಆ ಬೇಸಿಗೆ ಬಂತು. ಕೆಳಗಿಳಿದರೂ ನೀರು ತಣ್ಣಗಾಗಲಿಲ್ಲ. ಬಚ್ಚಲ ಹಂಡೆಯೊಳಗೆ ಇಳಿದಂತಿತ್ತು. ಆಮೇಲೆ ಬಂಡೆಸಾಲು ಕಂಡಿತು. ಹವಳವೆಲ್ಲ ಬಿಳಿ, ಸುಣ್ಣ ಬಳಿದಂತೆ. ನೀರು ಅತಿಯಾಗಿ ಬಿಸಿಯಾದರೆ ಹವಳ ತನ್ನೊಳಗಿರುವ ಪಾಚಿಯನ್ನು ಹೊರಹಾಕುತ್ತದೆ. ಬಣ್ಣವೂ ಅದೇ, ಊಟವೂ ಅದೇ. ಕೂಡಲೇ ಸಾಯುವುದಿಲ್ಲ, ಹಸಿದು ಕಾಯುತ್ತದೆ. ನೀರು ಬೇಗ ತಣಿದರೆ ಉಳಿದೀತು. ಇದೆಲ್ಲ ಗೊತ್ತಿದ್ದೂ ಮುಖವಾಡದೊಳಗೆ ಅತ್ತೆ.

ಮೇಲೆ ಬಂದಾಗ ಅವರು ದೋಣಿಯಂಚಿನಿಂದ ಬಾಗಿ ನನ್ನನ್ನೇ ನೋಡುತ್ತಿದ್ದರು. “ಹ್ಯಾಂಗಿತ್ತ್?”

“ಲಾಯ್ಕ್ ಇತ್ತ್ ಅಜ್ಜಯ್ಯ” ಎಂದುಬಿಟ್ಟೆ. ಚೆನ್ನಾಗಿದೆಯೆಂಬ ಆ ಸುಳ್ಳಿಗೇ ನಿಲ್ಲಿಸಲಿಲ್ಲ. “ತೆಂಕ್ ಬದಿಯಂಗೂ ಸಣ್ಣದೊಂದ್ ಬಂದಿತ್ತ್.”

ಅವರು ನಗಲಿಲ್ಲ. ಹುಟ್ಟನ್ನು ನೀರಿಗಿಳಿಸಿ ಕಿವಿಗೊಟ್ಟರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಎದ್ದು ಅಂಗಿ ಬಿಚ್ಚಿದರು. “ಬ್ಯಾಡ ಅಜ್ಜಯ್ಯ, ಕಿವಿ ಹೋತ್ತ್!” ಎಂದು ನಾನು ಕೂಗುತ್ತಿದ್ದಂತೆ ತಲೆ ಕೆಳಗಾಗಿ ನೀರಿಗಿಳಿದೇ ಬಿಟ್ಟರು.

ನಾನೂ ಹಿಂದೆಯೇ ಮುಳುಗಿದೆ. ಆ ಬಿಳಿಯ ನಡುವೆ ಅವರ ಕಪ್ಪು ಮೈ ನಿಧಾನ ಹೋಗುತ್ತಿತ್ತು. ಒಂದು ಕೊಂಬೆಯತ್ತ ಕೈ ಚಾಚಿದರು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ನೇರ ತೆಂಕಣ ಅಂಚಿಗೆ ಹೋದರು. ಬೋಳು ಜಾಗದ ಮೇಲೆ ಬಾಗಿ, ಕಳೆದುಹೋದ ಕಿವಿಯೋಲೆ ಹುಡುಕುವವರಂತೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ದೋಣಿ ಹತ್ತಿದಾಗ ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು.

“ನಾವ್ ಬಿಸ್ಲಿಗ್ ಹಾಕಿ ಬಿಳಿ ಮಾಡ್ತಿತ್ತ್” ಎಂದರು. “ಈಗ ನೀರೊಳ್ಗೇ ಬಿಳಿ ಆಯ್ತ್.”

ಎಂಜಿನ್ ಹಗ್ಗ ಎಳೆದು ದೋಣಿ ತಿರುಗಿಸಿದರು. ದಡ ಕಂಡಾಗ ನನ್ನ ಕಡೆ ತಿರುಗದೆಯೇ ಕೇಳಿದರು: “ನಂಗ್ ಮುಳ್ಗುಕ್ ಆತಿಲ್ಲೆ ಅಂದೇಳಿ ಅಲ್ದಾ ನಿನ್ನ್ ಕಣ್ಣ್ ನಂಬಿದ್ದ್? ನೀ ಎಂತಕ್ ಸುಳ್ಳ್ ಹೇಳ್ದೆ?”

ನಿಮಗೆ ಬೇಜಾರಾಗುತ್ತದೆಂದು ಹೇಳಿದೆ ಅಂದೆ. ಅದು ಅವರಿಗೆ ಕೇಳಿಸಲಿಲ್ಲ. ಆ ದಿನದಿಂದ ಅವರಿಗೆ ಯಾವುದೂ ಕೇಳಿಸಲಿಲ್ಲ. ಕುಂದಾಪುರದ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ತಲೆಯಾಡಿಸಿದಾಗ ಪಕ್ಕದಲ್ಲಿ ನಿಂತಿದ್ದವಳು ನಾನು. ಇಲ್ಲೆ ಎಂಬ ಒಂದು ಮಾತು ಹೇಳಿದ್ದರೆ ಅವರು ನೀರಿಗಿಳಿಯುತ್ತಿರಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ವರದಿಯ ಕರಡನ್ನು ಅವರ ಮನೆಗೆ ಒಯ್ದೆ. ಬಿಳಿಯಾದದ್ದನ್ನು ಬಿಳಿಯೆಂದೇ ಬರೆದಿದ್ದೆ. ಬೆರಳಿಟ್ಟು ಸಾಲುಸಾಲಾಗಿ ಓದಿದರು. ಕೊನೆಗೆ ತಲೆಯೆತ್ತಿ, “ನಾ ಒಡ್ದದ್ದ್ ಬರ್ದದ್ದ್ ಎಲ್ಲಿತ್ತ್?” ಎಂದರು. ಅದಕ್ಕೆ ನಮ್ಮ ನಮೂನೆಯಲ್ಲಿ ಕಾಲಮ್ಮೇ ಇಲ್ಲ. ಅವರೆದುರಿಗೇ ಅಂಚಿನಲ್ಲಿ ಬರೆದೆ: ‘ದಕ್ಷಿಣದ ಬೋಳು ಜಾಗ, ಮನುಷ್ಯ ಹಾರೆಯಿಂದ ಒಡೆದದ್ದು.’ ಓದಿ, ಸಾಕೆಂಬಂತೆ ಕಾಗದ ಹಿಂದಿರುಗಿಸಿದರು. ಅಚ್ಚಾಗಿ ಬಂದ ವರದಿಯಲ್ಲಿ ಆ ಸಾಲು ಇರಲಿಲ್ಲ. ಅದನ್ನು ಕಾಣಲು ಅವರೂ ಇರಲಿಲ್ಲ.

ಆಷಾಢದ ಒಂದು ಬೆಳಗ್ಗೆ ಜ್ವರದಲ್ಲಿ ತೀರಿಕೊಂಡರು. ಮನೆಯ ಹಿಂದೆ ಕಡಲು ತಡೆಗೋಡೆಯ ಕಲ್ಲುಗಳನ್ನು ಉರುಳಿಸುತ್ತಿತ್ತು. ಇಡೀ ಮನೆ ನಡುಗುವ ಆ ಸದ್ದಿನೊಳಗೆ, ಏನೂ ಕೇಳದ ಮನುಷ್ಯ ಹೋಗಿಬಿಟ್ಟಿದ್ದರು.

ಮಳೆ ಕಳೆದು ನೀರು ತಿಳಿಯಾದ ಮೇಲೆ ಬೇರೆ ದೋಣಿಯಲ್ಲಿ ಹೋಗಿ ಮುಳುಗಿದೆ. ಕೆಲವಕ್ಕೆ ಬಣ್ಣ ಮರಳಿತ್ತು. ಹೆಚ್ಚಿನವುಗಳ ಮೇಲೆ ಕಂದು ಪಾಚಿ ಕೂತಿತ್ತು. ತೆಂಕಣ ಅಂಚಿಗೂ ಈಜಿ ಹೋಗಿ ನೋಡಿದೆ. ದಡಕ್ಕೆ ಬಂದವಳು ಒದ್ದೆ ಬಟ್ಟೆಯಲ್ಲೇ ಅವರ ಮನೆಗೆ ನಡೆದೆ. ಅವರ ಹೆಂಡತಿ ಅಮ್ಮಮ್ಮ ಹಿತ್ತಿಲಲ್ಲಿ ಬಂಗುಡೆ ಮೀನು ಹೆಚ್ಚುತ್ತಿದ್ದರು. ಕೆಲವು ಉಳಿದಿವೆ, ಹೆಚ್ಚಿನವು ಸತ್ತಿವೆ ಎಂದೆ.

“ಅವ್ರ್ ಒಡ್ದ ಜಾಗ್ದಂಗೆ?” ಎಂದರು.

ಅವರಿಗೂ ಗೊತ್ತಿತ್ತೆಂದು ನಾನೆಣಿಸಿರಲಿಲ್ಲ. ಅಮ್ಮಮ್ಮ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಎದ್ದು ನನ್ನ ಹತ್ತಿರ ಬಂದರು.

“ಅವ್ರ್ ಹೋಪು ಮುಂಚೆ ಹೇಳಿದ್ರ್. ಹೆಣ್ಣ್ ಬಂದ್ರೆ ಕೇಣ್, ಮುಖ ಕಂಡ್ ಕೇಣ್ ಅಂದೇಳಿ.”

ನಾನು ಮುಖ ತಿರುಗಿಸಲಿಲ್ಲ.

“ಇಲ್ಲೆ ಅಮ್ಮಮ್ಮ. ಎಂತದೂ ಬರ್ಲಿಲ್ಲ.”