ಸೂಜಿ ನಿಲ್ಲಿಸಿದ ದೊಡ್ಡಕ್ಕ

ಆಸ್ಪತ್ರೆಯ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಕೊಳೆ ಬಟ್ಟೆ ವಿಂಗಡಿಸಿದವಳು ದೊಡ್ಡಕ್ಕ. ರಕ್ತ, ಕೀವು, ವಾಂತಿ, ಯಾವುದಕ್ಕೂ ಮುಖ ಸಿಂಡರಿಸಿದವಳಲ್ಲ. ನನಗೂ ಆ ಬಟ್ಟೆ ಕಂಡರೆ ವಾಕರಿಕೆ ಬರುವುದಿಲ್ಲ, ನಮ್ಮ ಮ್ಯಾನೇಜರನ್ನು ಕಂಡರೆ ಬರುತ್ತದೆ.

ಹಾಸಿಗೆ ಬಟ್ಟೆಯ ಮಡಿಕೆಯಲ್ಲಿ ಇಂಜೆಕ್ಷನ್ ಸೂಜಿಗಳು ಸಿಕ್ಕಿಕೊಂಡು ಬರುತ್ತಿದ್ದವು. ಒಂದು ಚುಚ್ಚಿದರೆ ತಿಂಗಳುಗಟ್ಟಲೆ ರಕ್ತಪರೀಕ್ಷೆ, ತಿಂಗಳುಗಟ್ಟಲೆ ನಿದ್ದೆಗೇಡು. ಮ್ಯಾನೇಜರು ಗೋಡೆಗೆ 'ಎಚ್ಚರಿಕೆ' ಎಂಬ ಹಾಳೆ ಅಂಟಿಸಿ ಕೈ ತೊಳೆದುಕೊಂಡ.

ದೊಡ್ಡಕ್ಕ ರಜೆಯ ದಿನ ಸೀದಾ ಆಸ್ಪತ್ರೆಗೇ ಹೋದಳು. ವಾರ್ಡಿನ ಆಯಾಳ ಪಕ್ಕ ಕೂತು ಕೇಳಿದಳು: "ಅಲ್ಲ ಕಣೇ ತಾಯಿ, ಸೂಜೀನ ನಮಗ್ಯಾಕೆ ಕಳಿಸ್ತೀರಾ?"

"ಸೂಜಿ ಹಾಕೋ ಡಬ್ಬಿ ಬಾಗಿಲ ಹತ್ರ ಇದೆ ಅಕ್ಕಾ. ಮಂಚದಿಂದ ಅಲ್ಲಿವರೆಗೆ ಯಾರು ಓಡ್ತಾರೆ?"

ಇಬ್ಬರೂ ಸೇರಿ ಔಷಧಿಯ ಗಾಡಿಗೇ ಅಗಲ ಬಾಯಿಯ ಡಬ್ಬಿ ಕಟ್ಟಿದರು. ಎರಡೇ ವಾರದಲ್ಲಿ ಸೂಜಿ ಬರುವುದು ನಿಂತಿತು. ಅಲ್ಲಿಂದಾಚೆ ಏನೇ ತೊಡಕಾದರೂ ನಾವು ಕೇಳುತ್ತಿದ್ದುದು ಅವಳನ್ನೇ. ತನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದಳು, ಗೊತ್ತಿರುವವರನ್ನು ಹುಡುಕಿಕೊಂಡು ಹೋಗುತ್ತಿದ್ದಳು.

ಮ್ಯಾನೇಜರಿಗೆ ಹೊಟ್ಟೆಯುರಿ. ಒಳಗಿನ ವಿಷಯ ಹೊರಗಿನವರಿಗೆ ಹೇಳಿದ್ದಾಳೆಂದು ನೋಟೀಸು ಕೊಟ್ಟ. ಅವಳು ನಮ್ಮ ಮುಂದೆ ಕಾಗದ ಹಿಡಿದಳು. "ಎಲ್ಲರೂ ಒಪ್ಪೇ ನನ್ನ ಆಸ್ಪತ್ರೆಗೆ ಕಳಿಸಿದ್ದು ಅಂತ ಒಂದೊಂದು ಸಹಿ ಹಾಕ್ರೇ. ನನ್ನ ಕೆಲಸ ಉಳಿಯುತ್ತೆ."

ಪೆನ್ನಿಲ್ಲ ಎಂದೆ. ಪೆನ್ನು ನನ್ನ ಚೀಲದಲ್ಲೇ ಇತ್ತು. ಉಳಿದವರೂ ಒಂದೊಂದು ನೆವ ಹೇಳಿ ಜಾರಿಕೊಂಡರು. ಅವಳನ್ನು ಕೆಲಸದಿಂದ ತೆಗೆದರು.

ಮರುತಿಂಗಳೇ ಆ ಮಹಾನುಭಾವನಿಗೆ ಪ್ರಶಸ್ತಿ! 'ಹೊರಗಿನವರ ಜಾಣ್ಮೆಗೆ ಬಾಗಿಲು ತೆರೆದ ನಾಯಕ'ನಂತೆ. ವೇದಿಕೆಯ ಮೇಲೆ ಹಲ್ಲು ಕಿರಿಯುತ್ತಾ, ಡಬ್ಬಿ ಕಟ್ಟಿದ್ದು ತಾನೇ ಎಂಬಂತೆ ಕೊರೆದ. ಥೂ, ನಾಚಿಕೆಗೆಟ್ಟವನು! ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ನಾನೇನು ಕಮ್ಮಿ? ನನ್ನ ಮೇಲೆ ನನಗೇ ಹೇಸಿಗೆ.

ನಿನ್ನೆ ನಮ್ಮ ಕೋಣೆಯ ಫೋನು ಹೊಡೆದುಕೊಂಡಿತು. ಅದೇ ಆಯಾ.

"ದೊಡ್ಡಕ್ಕ ಇದ್ದಾರಾ? ಹೊಸ ಡಬ್ಬಿ ಕೊಟ್ಟಿದ್ದಾರೆ, ಬಾಯಿ ತೀರಾ ಸಣ್ಣದು. ಮತ್ತೆ ಸೂಜಿ ಬಟ್ಟೇಲೇ ಉಳೀತಿದೆ. ಏನು ಮಾಡೋಣ, ಸ್ವಲ್ಪ ಕೇಳಿ ಹೇಳ್ತೀರಾ?"

ದೊಡ್ಡಕ್ಕನ ಮನೆ ಎರಡು ಬೀದಿ ಆಚೆ. ಮ್ಯಾನೇಜರು ಬಾಗಿಲಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ.

"ರಾಂಗ್ ನಂಬರ್" ಎಂದು ಇಟ್ಟುಬಿಟ್ಟೆ. ಕೈಗವಸು ಏರಿಸಿಕೊಂಡು ಮುಂದಿನ ಮೂಟೆ ಬಿಚ್ಚಿದೆ.