ಹಂಪಣ್ಣ ಕರೆಯದ ಹೆಸರು

ಶಹಾಪುರದ ತರಕಾರಿ ಮಾರುಕಟ್ಟೆಯಲ್ಲಿ ಹಂಪಣ್ಣ ಹರಾಜು ಕೂಗುತ್ತಿದ್ದ ಕಾಲಕ್ಕೆ ಹಿಂದಿನ ಓಣಿಯವರಿಗೆ ಗಡಿಯಾರದ ಹಂಗಿರಲಿಲ್ಲ. ಬೆಳಗಾಗುತ್ತಲೇ "ಬರ್ರಿ ಖಾಜಾಹುಸೇನಣ್ಣ, ದೋರನಹಳ್ಳಿ ಬದನಿಕಾಯಿ ಬಂದಾವ!" ಎಂಬ ದನಿ ಗೋಡೆ ಹಾರಿ ಹಂಪಣ್ಣನ ಹೆಂಡತಿ ದೇವಕ್ಕನ ಅಡುಗೆಮನೆಗೆ ಬರುತ್ತಿತ್ತು. ಆ ದನಿಯ ಮೇಲೆ ಅವಳಿಗೆ ಎಲ್ಲಿಲ್ಲದ ಜಂಬ. ಹಮಾಲರು, ರೈತರು, ಗಿರಾಕಿಗಳು, ಎಲ್ಲರ ಹೆಸರೂ ಗಂಡನ ನಾಲಿಗೆಯ ಮೇಲೆ ಕುಣಿಯುತ್ತಿದ್ದವು. ಅವಳ ಹೆಸರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಆ ಮನೆತನದಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಏ, ಕೇಳ್ತದೇನ?" ಅಂದರೆ ದೇವಕ್ಕ ಕೆಲಸ ಬಿಟ್ಟು ಬರಬೇಕು. ಬರುತ್ತಿದ್ದಳು ಪಾಪ.

ಎಲೆ-ತಂಬಾಕಿನ ಮೇಲಿನ ಪ್ರೀತಿ ಹಂಪಣ್ಣನ ಗಂಟಲನ್ನೇ ತಿಂದಿತು. ಡಾಕ್ಟರರು ಧ್ವನಿಪೆಟ್ಟಿಗೆ ತೆಗೆದು ಜೀವ ಉಳಿಸಿಕೊಟ್ಟರು. ಕತ್ತಿನ ಬುಡದಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತ ಅವನು ಮನೆಗೆ ಬಂದ. ತುಟಿಗಳು ಅಲ್ಲಾಡುತ್ತಿದ್ದವು, ಮಾತು ಹೊರಡುತ್ತಿರಲಿಲ್ಲ. ದೇವಕ್ಕನ ಬೆಳಗುಗಳು ಬಿಕೋ ಎನ್ನತೊಡಗಿದವು.

ಹೋದ ಮಾತನ್ನು ಮತ್ತೆ ಕಲಿಸುವ ಶಾಂಭವಿ ಮೇಡಂ ಯಾದಗಿರಿಯಲ್ಲಿದ್ದರು. ಅವರು ದೇವಕ್ಕನ ಕೈಯನ್ನು ಅವಳದೇ ಗಂಟಲ ಮೇಲಿಟ್ಟು "ಆ ಅನ್ರಿ ಕಾಕಿ" ಅಂದರು. ಬೆರಳಿಗೆ ನಡುಕ ತಾಗಿತು.

"ಈ ನಡುಕನ ದನಿ ನೋಡ್ರಿ. ನಾಲಿಗಿ, ತುಟಿ ಅದಕ್ಕ ಆಕಾರ ಕೊಡ್ತಾವ, ಅಷ್ಟ. ಕಾಕಾನ ನಾಲಿಗಿ ಗಟ್ಟಿ ಅದ, ತುಟಿ ಗಟ್ಟಿ ಅದಾವ. ನಡುಗೂದಕ್ಕ ಬ್ಯಾರೆ ಜಾಗ ಹುಡುಕಬೇಕು."

ಆ ಜಾಗ ಅನ್ನನಾಳ. ಪ, ಟ, ಕ ಅನ್ನಲು ಬಾಯೊಳಗೆ ಗಾಳಿಯನ್ನು ಗಟ್ಟಿಯಾಗಿ ಕಟ್ಟಿ ಹಿಡಿಯಬೇಕು. ಆಗ ಅದನ್ನು ಹಿಂದಕ್ಕೆ ಒತ್ತಿದರೆ ಒಂದಿಷ್ಟು ಅನ್ನನಾಳಕ್ಕೆ ಇಳಿಯುತ್ತದೆ. ಇಳಿದದ್ದನ್ನು ಕೂಡಲೇ ಮೇಲಕ್ಕೆ ಬಿಟ್ಟರೆ ತೇಗಿನ ಹಾಗೆ ನಡುಗಿ ದನಿಯಾಗುತ್ತದೆ.

ತೇಗು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದೇವಕ್ಕ ಊರಿಗೆ ಬಂದು ಗಂಡನಿಗೆ ಹೊಟ್ಟೆ ಬಿರಿಯುವಂತೆ ಉಣ್ಣಿಸಿ, ಮೇಲೆ ಬೀರೇಶನ ಅಂಗಡಿಯ ಗೋಲಿ ಸೋಡಾ ಕುಡಿಸಿದಳು. ಹಂಪಣ್ಣ ತೇಗಿದ, ಮತ್ತೆ ತೇಗಿದ, ಮಾತು ಬರಲಿಲ್ಲ. ಇದನ್ನು ಕೇಳಿ ಶಾಂಭವಿ ಬಿದ್ದು ಬಿದ್ದು ನಕ್ಕರು. "ಗಾಳಿ ಹೊಟ್ಟಿತನಕ ಹೋಗಬಾರದ್ರಿ ಕಾಕಿ, ಗಂಟಲ ಕೆಳಗಿಂದನ ತಿರುಗಬೇಕು."

ಕನ್ನಡಿಯ ಮುಂದೆ ಕೂತೂ ಕೂತೂ ಕೊನೆಗೊಮ್ಮೆ "ಪ" ಬಂತು. ಆಮೇಲೆ "ಕಪ್ಪು", "ಟೋಪಿ". ಶಾಂಭವಿಗೆ ಹುರುಪು ಬಂತು. "ಈಗ ದೇವಕ್ಕ ಅನ್ರಿ ಕಾಕಾ. ಅದರಾಗೂ ಕ ಅದ, ಆ ಹೆಸರು ನಿಮ್ಮ ಬಾಯಿಗೆ ಹಗುರ ಆಗ್ತದ."

ಹಂಪಣ್ಣ ಹೆಂಡತಿಯ ಕಡೆ ನೋಡಿ ನಾಚಿ, ಒಲ್ಲೆ ಎಂದು ತಲೆಯಾಡಿಸಿದ.

ದೇವಕ್ಕನಿಗೆ ಹಳೆಯದೊಂದು ನೆನಪಾಯಿತು. ಮದುವೆಯ ದಿನ ಎಲ್ಲರೆದುರು ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳುವುದು ರೂಢಿ, ಅವನೂ ಹೇಳಿದ್ದ. ಸರಿಯಾಗಿ ಆಗಲೇ ಬ್ಯಾಂಡಿನವರಿಗೆ ಬಾರಿಸುವ ಉಮೇದು ಬಂದಿತ್ತು. ಮಂದಿ ನಕ್ಕದ್ದು ಕೇಳಿಸಿತು, ಹೆಸರು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳ್ರಿ ಎನ್ನಲು ಇಷ್ಟು ವರ್ಷ ಅವಳಿಗೆ ಧೈರ್ಯವೇ ಬರಲಿಲ್ಲ. ಈಗಲಾದರೂ ಅನ್ನಲಿ ಎಂಬ ಆಸೆಗೆ, ತಾನಿದ್ದರೆ ನಾಚುತ್ತಾನೆಂದು, ಬೇಕೆಂದೇ ಎದ್ದು ಹೊರಗೆ ಹೋಗಿ ಕೂತಳು.

ಕೆಲ ದಿನಗಳ ಮೇಲೆ ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಹಂಪಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಗಾಳಿಯನ್ನು ಒತ್ತಿದ.

"ದೇ... ವಕ್ಕ."

ಒರಟು ದನಿ, ಹೊಸ್ತಿಲು ದಾಟಿದರೆ ಕೇಳಿಸದಷ್ಟು ತಗ್ಗು. ದೇವಕ್ಕನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಅವಳಿಗೆ ಅಳು ತಡೆಯಲಾಗಲಿಲ್ಲ. ಹಂಪಣ್ಣ ಗಾಬರಿಯಾದ.

"ಬ್ಯಾಡಾ?"

"ಬೇಕ್ರಿ. ಇನ್ನೊಮ್ಮಿ ಅನ್ರಿ."

ಅವನು ಅಂದ. ದೇವಕ್ಕ ಕಣ್ಣು ಮುಚ್ಚಿ ಆ ಹೆಸರಿಗೆ ಹಳೆಯ ದನಿಯನ್ನು ಹಚ್ಚಿ ನೋಡಿದಳು. ಮಾರುಕಟ್ಟೆಯ ಮಂದಿಯ ಹೆಸರೆಲ್ಲ ಆ ದನಿಯಲ್ಲಿ ಸಲೀಸಾಗಿ ನೆನಪಾದವು. ತನ್ನದು ಮಾತ್ರ ನೆನಪಾಗಲಿಲ್ಲ. ಆ ದನಿಯಲ್ಲಿ ಅದನ್ನು ಅವಳು ಕೇಳಿಯೇ ಇರಲಿಲ್ಲ.